ಕಂಪ್ಯೂಟರ್ ಫ್ಯಾನಿಗೆ 50 ಓಮ್‌ನ ನಾಬ್: ನಾಲ್ಕು ವರ್ಷ ಬಳಸಿದ ಮೇಲೆ

ಕಲಬುರಗಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಡಿಟಿಪಿ ಕೆಲಸಕ್ಕೆ ಇಟ್ಟುಕೊಂಡಿರುವ ಕಂಪ್ಯೂಟರಿನ ಹಿಂಬದಿಯ ಫ್ಯಾನಿಗೆ 50 ಓಮ್, 5 ವ್ಯಾಟ್‌ನ ಚರ ರೋಧಕವೊಂದನ್ನು, ಅಂದರೆ ನಾಬ್ ತಿರುಗಿಸಿ ಕರೆಂಟಿನ ಹರಿವನ್ನು ಹೆಚ್ಚುಕಡಿಮೆ ಮಾಡುವ ಬಿಡಿಭಾಗವನ್ನು, ಜೋಡಿಸಿ ನಾಲ್ಕು ವರ್ಷ ತುಂಬಿತು. ಅಂಗಡಿಯವರು ಇದನ್ನು ‘ವೈರ್‌ವೌಂಡ್ ಪಾಟ್’ ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿಕ್ಕಿತ್ತು. ಲಗ್ನಪತ್ರಿಕೆಗಳ ಹಂಗಾಮಿನಲ್ಲಿ ಕೆಲಸ ನಡುರಾತ್ರಿಯವರೆಗೂ ಎಳೆಯುವುದರಿಂದ, ಮನೆಯವರ ನಿದ್ದೆ ಕೆಡದಂತೆ ಫ್ಯಾನಿನ ಸದ್ದನ್ನು ತಗ್ಗಿಸಬೇಕೆಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ಇದಕ್ಕೂ ಮುಂಚೆ ಆನ್‌ಲೈನಿನಲ್ಲಿ ಒಂದು ಸಿದ್ಧ ನಾಬ್ ತರಿಸಿದ್ದೆ. ಅದು ಮೂರೇ ವಾರಕ್ಕೆ ಸುಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಇದ್ದದ್ದು ರೇಡಿಯೋದ ವಾಲ್ಯೂಮಿಗೆ ಹಾಕುವಂಥ ಕಾರ್ಬನ್ ಪಾಟ್. ಕುದುರೆಲಾಳದ ಆಕಾರದ ಆ ಕಪ್ಪು ಪಟ್ಟಿಯ ಒಂದು ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಸುಟ್ಟು ಬೆಳ್ಳಗಾಗಿತ್ತು. ನಾನು ಅಚ್ಚರಿಪಟ್ಟದ್ದು ಸುಟ್ಟಿದ್ದಕ್ಕಲ್ಲ, ಸುಟ್ಟ ಜಾಗಕ್ಕೆ. ಫ್ಯಾನನ್ನು ನಿಧಾನ ಮಾಡಿದಾಗ ರೋಧಕಕ್ಕೆ ಹೆಚ್ಚು ತ್ರಾಸಾಗುತ್ತದೆ ಎಂದೇ ತಿಳಿದಿದ್ದೆ. ಆದರೆ ಕಾರ್ಬನ್ ಪಾಟಿನ ಮೇಲೆ ಬರೆದಿರುವ ಕಾಲು ವ್ಯಾಟ್, ಅರ್ಧ ವ್ಯಾಟ್ ಎಂಬ ಸಾಮರ್ಥ್ಯ ಇಡೀ ಪಟ್ಟಿಗೆ ಸೇರಿದ್ದು; ನಾಬನ್ನು ಪೂರ್ಣ ವೇಗದ ಹತ್ತಿರ ಇಟ್ಟಾಗ ಪಟ್ಟಿಯ ಒಂದು ಚೂರಿನ ಮೂಲಕವೇ ಫ್ಯಾನಿನ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಹರಿಯಬೇಕಾಗುತ್ತದೆ, ಆ ಚೂರು ಅದನ್ನು ತಾಳುವುದಿಲ್ಲ. ತಂತಿ ಸುತ್ತಿದ ಪಾಟ್ ಈ ವಿಷಯದಲ್ಲಿ ಗಟ್ಟಿ.

50 ಓಮ್ ಏಕೆ ಎಂಬುದನ್ನು ಲೆಕ್ಕದಿಂದಲೇ ಹೇಳಬೇಕು. ನನ್ನದು 12 ವೋಲ್ಟ್, 0.20 ಆಂಪಿಯರಿನ 120 ಮಿಲಿಮೀಟರ್ ಫ್ಯಾನ್, ಅಂದರೆ ಸ್ಥೂಲವಾಗಿ 60 ಓಮ್‌ನ ಹೊರೆ. ನಾಬನ್ನು ಪೂರ್ತಿ ಕೆಳಗಿಳಿಸಿದಾಗ ಫ್ಯಾನಿನ ಎರಡು ತುದಿಗಳ ನಡುವೆ ಮಲ್ಟಿಮೀಟರ್ 6.8 ವೋಲ್ಟ್ ತೋರಿಸುತ್ತದೆ, ನಿಮಿಷಕ್ಕೆ 1,200 ಸುತ್ತಿದ್ದ ವೇಗ 700ರ ಸುಮಾರಿಗೆ ಇಳಿಯುತ್ತದೆ, ಉಳಿದ 5.2 ವೋಲ್ಟ್ ಪಾಟಿನಲ್ಲಿ ಅರ್ಧ ವ್ಯಾಟಿನಷ್ಟು ಶಾಖವಾಗಿ ಹೋಗುತ್ತದೆ. ಹಳೆಯ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಡಬ್ಬಿ ಮುಟ್ಟಿದರೆ ಬೆಚ್ಚಗಿರುತ್ತಿತ್ತಲ್ಲ, ಇದೂ ಅದೇ ಜಾತಿಯದು. ಆದರೆ ಆ ರೆಗ್ಯುಲೇಟರನ್ನು ಇಲ್ಲಿ ಬಳಸುವ ಯೋಚನೆ ಯಾರೂ ಮಾಡಬಾರದು. 100 ಓಮ್‌ನ ಪಾಟನ್ನೂ ಹಾಕಿ ನೋಡಿದ್ದೆ. ಅದನ್ನು ಪೂರ್ತಿ ಇಳಿಸಿ ಕಂಪ್ಯೂಟರ್ ಚಾಲೂ ಮಾಡಿದರೆ ಫ್ಯಾನಿನ ರೆಕ್ಕೆ ಒಮ್ಮೆ ಮಿಸುಕಾಡಿ ಅಲ್ಲೇ ನಿಲ್ಲುತ್ತಿತ್ತು. ಬೆರಳಿನಿಂದ ತಳ್ಳಿದರೆ ಮಾತ್ರ ತಿರುಗುತ್ತಿತ್ತು. ತಿರುಗುತ್ತಿರುವ ಫ್ಯಾನ್ ಕಡಿಮೆ ವೋಲ್ಟಿನಲ್ಲೂ ತಿರುಗುತ್ತಲೇ ಇರುತ್ತದೆ, ನಿಂತದ್ದು ಏಳುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ನಾಬ್ ಯಾವ ತುದಿಯಲ್ಲಿದ್ದರೂ ಫ್ಯಾನ್ ತಾನಾಗಿಯೇ ಏಳುವಷ್ಟು ಓಮ್‌ನ ಪಾಟನ್ನೇ ಆರಿಸಬೇಕು.

ಜೋಡಣೆ ಅರ್ಧ ಗಂಟೆಯ ಕೆಲಸ. ಮೂರು ತಂತಿಗಳಲ್ಲಿ 12 ವೋಲ್ಟಿನ ಕೆಂಪು ತಂತಿಯನ್ನು ಮಾತ್ರ ಕತ್ತರಿಸಿ, ಒಂದು ತುದಿಯನ್ನು ಪಾಟಿನ ನಡುಕಾಲಿಗೂ ಇನ್ನೊಂದನ್ನು ಪಕ್ಕದ ಕಾಲಿಗೂ ಬೆಸೆದು, ಮೇಲೆ ಹೀಟ್‌ಶ್ರಿಂಕ್ ಸ್ಲೀವ್ ಹಾಕಿದೆ. ಖಾಲಿ ಉಳಿಯುವ ಮೂರನೆಯ ಕಾಲನ್ನು ನಡುಕಾಲಿಗೇ ಸೇರಿಸಿದ್ದೇನೆ. ಧೂಳು ಕೂತು ಒಳಗಿನ ಜಾರುಪಟ್ಟಿ ಸಂಪರ್ಕ ತಪ್ಪಿದರೂ ಇಡೀ ಸುರುಳಿಯ ಮೂಲಕ ಕರೆಂಟ್ ಹರಿದು ಫ್ಯಾನ್ ನಿಧಾನವಾಗಿಯಾದರೂ ತಿರುಗುತ್ತದೆ. ವೇಗ ತಿಳಿಸುವ ಹಳದಿ ತಂತಿಯನ್ನು ಮುಟ್ಟದ ಕಾರಣ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆಯಲ್ಲಿ) ವೇಗದ ಅಂಕಿ ಈಗಲೂ ಸರಿಯಾಗಿ ಕಾಣುತ್ತದೆ. ಮದರ್‌ಬೋರ್ಡ್ ತಾನೂ ವೇಗ ಇಳಿಸಲು ಹೋಗದಂತೆ ಆ ಕನೆಕ್ಟರನ್ನು ಬಯೋಸ್‌ನಲ್ಲಿ ಪೂರ್ಣ ವೇಗಕ್ಕೆ ಇಟ್ಟಿದ್ದೇನೆ. ಪ್ರೊಸೆಸರಿನ ನಾಲ್ಕು ಪಿನ್ನಿನ ಫ್ಯಾನಿಗೆ ಮಾತ್ರ ಈ ಉಪಾಯ ಸಲ್ಲದು. ಅದರ ವೇಗವನ್ನು ಮದರ್‌ಬೋರ್ಡ್ ಪ್ರತ್ಯೇಕ ತಂತಿಯಲ್ಲಿ ಸೆಕೆಂಡಿಗೆ 25,000 ಸಲ ಮಿಡಿಯುವ ಸಂಕೇತದಿಂದ ನಿಯಂತ್ರಿಸುತ್ತದೆ, ಬಿಸಿಗೆ ತಕ್ಕಂತೆ ತಾನೇ ಹೆಚ್ಚುಕಡಿಮೆ ಮಾಡುತ್ತದೆ. ಅಲ್ಲಿ ನಮ್ಮ ಕೈ ಬೇಡ.

ಮೊದಲ ಚಳಿಗಾಲ ಸುಖವಾಗಿ ಕಳೆಯಿತು. ರಾತ್ರಿ ಕೀಬೋರ್ಡಿನ ಸದ್ದು ಬಿಟ್ಟರೆ ಬೇರೆ ಕೇಳುತ್ತಿರಲಿಲ್ಲ. ದೋಷ ಗೊತ್ತಾದದ್ದು ಏಪ್ರಿಲ್‌ನಲ್ಲಿ, ಹೊರಗೆ 41 ಡಿಗ್ರಿ ಇದ್ದ ಒಂದು ಮಧ್ಯಾಹ್ನ. 200 ಪುಟದ ಸ್ಮರಣ ಸಂಚಿಕೆಯೊಂದನ್ನು ಪಿಡಿಎಫ್ ಮಾಡುವಾಗ ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು. ಹಾಳಾದದ್ದು ಏನೂ ಇರಲಿಲ್ಲ. ಜನವರಿಯಲ್ಲಿ ಇಳಿಸಿದ ನಾಬನ್ನು ನಾನು ಮರೆತಿದ್ದೆ. ಬಿಸಿಗಾಳಿ ಡಬ್ಬಿಯೊಳಗೇ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದ ಪ್ರೊಸೆಸರಿನ ಫ್ಯಾನ್ ತನ್ನ ಶಕ್ತಿಯೆಲ್ಲ ಹಾಕಿ ತಿರುಗುತ್ತಿತ್ತು. ಹಿಂದಿನ ಫ್ಯಾನನ್ನು ಸುಮ್ಮನಾಗಿಸಿ ಒಳಗಿನದನ್ನು ಕೂಗಿಸಿದಂತಾಯಿತು. ನಾಬನ್ನು ಮೇಲಕ್ಕೆ ತಿರುಗಿಸಿದ ಹತ್ತು ನಿಮಿಷದಲ್ಲಿ ಒಟ್ಟು ಸದ್ದು ತಗ್ಗಿತು. ರೋಧಕಕ್ಕೆ ಬಿಸಿ ತಿಳಿಯುವುದಿಲ್ಲ, ತಿಂಗಳು ತಿಳಿಯುವುದಿಲ್ಲ. ಈ ಕೊರತೆಗಾಗಿ ನಾನು ಐದರಲ್ಲಿ ಒಂದು ಅಂಕ ಕಳೆಯುತ್ತೇನೆ. ಮರೆವು ಹೆಚ್ಚಿರುವವರು ಎರಡು ಕಳೆಯಬಹುದು, ಅಥವಾ ಬಯೋಸ್‌ನ ಸ್ವಯಂಚಾಲಿತ ನಿಯಂತ್ರಣವನ್ನೇ ನೆಚ್ಚಿಕೊಳ್ಳಬಹುದು.

ಅಂದೇ ಮಗಳ ಕೆಂಪು ನೈಲ್‌ಪಾಲಿಶಿನಿಂದ ನಾಬಿನ ಸುತ್ತ ಎರಡು ಚುಕ್ಕೆ ಇಟ್ಟೆ, ಒಂದು ಬೇಸಿಗೆಗೆ, ಇನ್ನೊಂದು ಚಳಿಗೆ. ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಡಬ್ಬಿಯ ಧೂಳನ್ನೂ ಊದಿ ತೆಗೆದು, ನಾಬನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸುತ್ತೇನೆ. ತಂತಿಯ ಮೇಲೆ ಕಟ್ಟಿದ ಕಿಲುಬು ಅದರಿಂದ ಉಜ್ಜಿಹೋಗುತ್ತದೆ, ಮೊದಲೆರಡು ಸುತ್ತಿನಲ್ಲಿ ತಡವರಿಸುವ ಫ್ಯಾನ್ ಆಮೇಲೆ ಒಂದೇ ಸಮನೆ ಏರಿಳಿಯುತ್ತದೆ. ಬಳಿಕ ಬೇಸಿಗೆಯ ಚುಕ್ಕೆಗೆ ತಂದು ನಿಲ್ಲಿಸಿದರೆ ದೀಪಾವಳಿಯವರೆಗೆ ಅದರ ಕಡೆ ನೋಡುವುದಿಲ್ಲ.