ದನಿ ತಗ್ಗಿಸದ ಔಷಧದಂಗಡಿ

ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ತಿಂಗಳು ತಿಂಗಳು ಕೊಳ್ಳಬೇಕಾದ ಕುಟುಂಬಗಳಿಗೆ, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದ, ಹಂಪನಕಟ್ಟೆ ಸಮೀಪದ ಒಂದು ಸಣ್ಣ ಔಷಧದಂಗಡಿಯನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿರುವ ನನ್ನ ತಮ್ಮನ ಔಷಧ ಈಗ ಅಲ್ಲಿಂದಲೇ ಬರುತ್ತದೆ.

ನಮ್ಮ ಮನೆ ಬಂಟ್ವಾಳದ ಕಡೆ. ಅಲ್ಲಿ ಮೆಡಿಕಲ್‌ಗಳಿಗೇನೂ ಕೊರತೆಯಿಲ್ಲ. ಆದರೆ ನಾವು ಮೊದಲು ಹೋಗುತ್ತಿದ್ದ ಅಂಗಡಿಯಲ್ಲಿ ಚೀಟಿ ಓದಿದ ಕೂಡಲೇ ದನಿ ತಗ್ಗಿಸಿ, "ಇದು ಯಾರಿಗೆ?" ಎಂದು ನನ್ನನ್ನು ಕೇಳಿ, ಮಾತ್ರೆಗಳನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ ಕೊಡುತ್ತಿದ್ದರು. ಪಕ್ಕದಲ್ಲೇ ನಿಂತಿರುತ್ತಿದ್ದ ತಮ್ಮ ಅದನ್ನೆಲ್ಲ ನೋಡುತ್ತಿದ್ದ. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ನಿಜ. ಆದರೂ ತನ್ನ ಕಾಯಿಲೆ ಮುಚ್ಚಿಡಬೇಕಾದದ್ದು ಎಂಬ ಭಾವನೆ ಅವನಲ್ಲಿ ಬೇರೂರಿತು.

ರೋಗಿಯು ಸಮಾಜದ ಇಂತಹ ತೀರ್ಪನ್ನು ಮೊದಲು ಗಮನಿಸುತ್ತಾನೆ, ಆಮೇಲೆ ಅದು ನಿಜವೆಂದು ಒಪ್ಪುತ್ತಾನೆ, ಕೊನೆಗೆ ತನಗೇ ಅನ್ವಯಿಸಿಕೊಂಡು ಆತ್ಮಗೌರವ ಕಳೆದುಕೊಳ್ಳುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು ವಿವರಿಸಿದ್ದಾರೆ. 'ಪ್ರಯತ್ನಪಟ್ಟು ಏನು ಫಲ' ಎಂಬ ನಿರಾಸೆ ಅದರ ಬೆನ್ನಿಗೇ ಬರುತ್ತದೆ. ನನ್ನ ತಮ್ಮ ಕೆಲಸಕ್ಕೆ ಅರ್ಜಿ ಹಾಕುವುದನ್ನೂ, ನೆಂಟರ ಮದುವೆಗಳಿಗೆ, ಊರಿನ ಭೂತಕೋಲಕ್ಕೆ ಬರುವುದನ್ನೂ ನಿಲ್ಲಿಸಿದ್ದು ಕಾಯಿಲೆ ಜೋರಾಗಿದ್ದಾಗ ಅಲ್ಲ, ಹತೋಟಿಗೆ ಬಂದ ಮೇಲೆ. ಮನೆಯವರಾದ ನಮಗೆ ಬಹಳ ಸಂಕಟ ಕೊಟ್ಟದ್ದು ಅದೇ.

ಹಂಪನಕಟ್ಟೆಯ ಅಂಗಡಿಯ ಫಾರ್ಮಸಿಸ್ಟ್ ಚೀಟಿಯನ್ನು ಅವನ ಕೈಯಿಂದಲೇ ತೆಗೆದುಕೊಂಡರು. ಮೊಣಕಾಲು ನೋವಿಗೆಂದು ಅವನು ಐಬುಪ್ರೊಫೇನ್ ಕೇಳಿದಾಗ ಕೊಡಲಿಲ್ಲ. ಆ ಮಾತ್ರೆಯಿಂದ ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು, ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ ಎಂದು, ನನ್ನತ್ತ ತಿರುಗದೆ, ತುಳುವಿನಲ್ಲಿ ಅವನಿಗೇ ತಿಳಿಸಿ ಹೇಳಿದರು. ರಕ್ತಪರೀಕ್ಷೆ ಯಾವಾಗ ಆಯಿತು, ನೀರು ಸರಿಯಾಗಿ ಕುಡಿಯುತ್ತೀರಾ ಎಂದೂ ವಿಚಾರಿಸಿದರು. ಸಕ್ಕರೆ ಕಾಯಿಲೆಯ ಮಾತ್ರೆಗೆ ನಿಂತಿದ್ದ ಹಿರಿಯರೊಡನೆ ಮಾತನಾಡಿದ ದನಿಯಲ್ಲೇ ಇದನ್ನೂ ಮಾತನಾಡಿದರು. ಕಾಯಿಲೆಯ ಹೆಸರನ್ನು ಮಾತ್ರ ಎತ್ತಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆ ಗೋಪ್ಯತೆಯನ್ನು ಪಿಸುಗುಟ್ಟದೆಯೂ ಕಾಪಾಡಬಹುದು ಎಂಬುದನ್ನು ಅಲ್ಲಿ ಕಂಡೆ.

ಈಚೆಗೆ ತಮ್ಮ ಒಬ್ಬನೇ ಬಸ್ಸಿನಲ್ಲಿ ಹೋಗಿ ಔಷಧ ತರುತ್ತಿದ್ದಾನೆ. ಇದರಲ್ಲಿ ಅವನ ವೈದ್ಯರ, ಆಪ್ತಸಮಾಲೋಚಕರ ಪಾಲು ದೊಡ್ಡದು. ಆದರೆ ಅಂಗಡಿಯ ಪಾಲನ್ನು ನಾನು ಸಣ್ಣದೆಂದು ಎಣಿಸಲಾರೆ.

ಕೊರತೆಗಳೂ ಇವೆ. ಮಧ್ಯಾಹ್ನ ಆಸ್ಪತ್ರೆಯಿಂದ ಬರುವವರ ನೂಕುನುಗ್ಗಲಿನಲ್ಲಿ ಕೂರಲು ಒಂದು ಬೆಂಚೂ ಇಲ್ಲ. ಮಾತ್ರೆಯ ಮಂಪರಿನಲ್ಲಿರುವವರಿಗೆ ಅದು ಕಷ್ಟ. 2022ರ ಅಕ್ಟೋಬರಿನಲ್ಲಿ ಆರಂಭವಾದ, ಹಗಲಿರುಳೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯ ಚೀಟಿ ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿದೆ. ಅದನ್ನು ಎದುರಿಗೇ ಅಂಟಿಸಬೇಕು. ಲಿಥಿಯಂ ಕೆಲವೊಮ್ಮೆ ಸ್ಟಾಕ್ ಇರುವುದಿಲ್ಲ, ಅದನ್ನು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಮಾತ್ರೆ ಮುಗಿಯುವ ವಾರ ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಹೋಗುವಾಗ ಮೂಲ ಚೀಟಿಯೇ ಕೈಯಲ್ಲಿರಲಿ; ಮೊಬೈಲಿನ ಫೋಟೋ ತೋರಿಸಿದರೆ ಅವರು ಔಷಧ ಕೊಡುವುದಿಲ್ಲ, ಆ ಕಟ್ಟುನಿಟ್ಟು ಸರಿಯೆಂದೇ ನನ್ನ ಅಭಿಪ್ರಾಯ.