ರೇಡಿಯೋ ಗಾರ್ಡನ್: ವಾಸ್ಕೋದಲ್ಲಿ ಕೂತು ಐದು ವರ್ಷ ಕೇಳಿದ ಮೇಲೆ

2020ರ ಮಳೆಗಾಲದಲ್ಲಿ ಈ ಆ್ಯಪ್ ಹಾಕಿಕೊಂಡೆ. ಇವತ್ತಿನವರೆಗೂ ತೆಗೆದಿಲ್ಲ. ನಡುವೆ ಎರಡು ಫೋನ್ ಬದಲಾದವು, ಎರಡಕ್ಕೂ ಮೊದಲು ಹಾಕಿದ್ದು ಇದನ್ನೇ. ಒಂದು ವಾರ ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ವರ್ಷಗಟ್ಟಲೆ ದಿನಾ ಕೇಳಿದವರು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಇದು.

ಗೊತ್ತಿಲ್ಲದವರಿಗೆ ಎರಡು ಮಾತು. ಆ್ಯಪ್ ತೆರೆದರೆ ಭೂಮಿಯ ಗೋಳ ಬರುತ್ತದೆ, ಅದರ ತುಂಬ ಹಸಿರು ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಒಂದು ಊರು. ಬೆರಳಲ್ಲಿ ಗೋಳ ತಿರುಗಿಸಿ ಯಾವುದಾದರೂ ಚುಕ್ಕೆಯ ಮೇಲೆ ನಿಂತರೆ, ಆ ಊರಿನ ರೇಡಿಯೋದಲ್ಲಿ ಈಗ ಏನು ಬರುತ್ತಿದೆಯೋ ಅದು ನಿಮಗೆ ಕೇಳುತ್ತದೆ. ನೆದರ್‌ಲೆಂಡ್ಸ್‌ನವರು 2016ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡದೆಯೂ ಬಳಸಬಹುದು.

ಇದಕ್ಕೆ ಮೊದಲು ನಾನು ತಿಂಗಳು ತಿಂಗಳು ದುಡ್ಡು ಕಟ್ಟಿ ಬೇರೊಂದು ಆ್ಯಪ್‌ನಲ್ಲಿ ಹಾಡು ಕೇಳುತ್ತಿದ್ದೆ, ಹೆಸರು ಬೇಡ. ಒಂದು ಸಲ ಆಫ್ರಿಕಾದ ಗಿಟಾರ್ ಕೇಳಿದೆ ಅಷ್ಟೇ. ಮುಂದೆ ಮೂರು ತಿಂಗಳು ಅದೇ ನಾಲ್ಕು ಜನ, ಅದೇ ಹಾಡುಗಳು, ಹಿಂದೆ ಮುಂದೆ ಮಾಡಿ ಬಡಿಸುತ್ತಲೇ ಇತ್ತು. ನಿಮಗೆ ಇದು ಇಷ್ಟ ಅಂತ ಹೇಳುತ್ತಿತ್ತು. ಇಷ್ಟವೇನೋ ನಿಜ. ಆದರೆ ಆ ಗಿಟಾರ್‌ನ ಪಕ್ಕದ ಊರಲ್ಲಿ ಏನು ಬಾರಿಸುತ್ತಾರೆ, ಮದುವೆ ಮನೆಯಲ್ಲಿ ಏನು ಹಾಡುತ್ತಾರೆ, ಬೆಳಗ್ಗೆ ಚಹಾದಂಗಡಿಯಲ್ಲಿ ಏನು ಹಾಕುತ್ತಾರೆ, ಅದು ಯಾವತ್ತೂ ಹೇಳಲಿಲ್ಲ.

ರೇಡಿಯೋ ಗಾರ್ಡನ್ ಹೇಳುತ್ತದೆ. ಆದರೆ ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಹೊಸದಾಗಿ ಹಾಕಿಕೊಂಡವರೆಲ್ಲ ಮಾಡುವುದು ಒಂದೇ. ಗೋಳವನ್ನು ಗಿರ್ರನೆ ತಿರುಗಿಸುವುದು. ಹತ್ತು ಸೆಕೆಂಡ್ ಬ್ರೆಜಿಲ್, ಹತ್ತು ಸೆಕೆಂಡ್ ಜಪಾನ್, ಆಮೇಲೆ ನೈರೋಬಿ. ಬಲೂನ್ ಅಂತ ಒಂದು ಬಟನ್ ಇದೆ, ಒತ್ತಿದರೆ ಅದೇ ಎಲ್ಲಿಗೋ ಕರ್ಕೊಂಡು ಹೋಗುತ್ತದೆ. ಮಜಾ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಬೇಜಾರು ಬರುತ್ತದೆ, ಯಾಕೆಂದರೆ ದೊಡ್ಡ ಊರುಗಳ ದೊಡ್ಡ ಸ್ಟೇಷನ್‌ಗಳಲ್ಲಿ ಬಹಳ ಸಲ ಬರುವುದು ಎಲ್ಲಾ ಕಡೆ ಬರುವ ಅದೇ ಇಂಗ್ಲಿಷ್ ಹಾಡುಗಳೇ. ನನ್ನ ಪರಿಚಯದ ಆರೇಳು ಜನ ಅಲ್ಲೇ ಬಿಟ್ಟುಬಿಟ್ಟರು. ನಾನೂ ಮೊದಲ ವರ್ಷ ಹೀಗೇ ತಿರುಗಿಸುತ್ತಿದ್ದೆ. ಈಗ ಬೇರೆ ಥರ ಕೇಳುತ್ತೇನೆ: ಒಂದು ಊರು ಹಿಡಿದರೆ ಒಂದು ತಿಂಗಳಾದರೂ ಅಲ್ಲೇ ಇರುತ್ತೇನೆ.

ಇದು ಶುರುವಾದದ್ದು 2021ರ ಆಗಸ್ಟ್‌ನಲ್ಲಿ. ಗೋವಾದ ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ಬಾಡಿಗೆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಮಾಲಕಿ ಹಿಂದಿನ ಮನೆಯಲ್ಲೇ ಇರುತ್ತಾರೆ. ಎಪ್ಪತ್ತು ದಾಟಿದ ಗೋವನ್ ಹೆಂಗಸು, ನಾವೆಲ್ಲ ಆಂಟಿ ಅಂತಲೇ ಕರೆಯುವುದು. ಆವತ್ತು ಸಂಜೆ ಮಳೆ ನಿಂತಿತ್ತು, ಏಳು ಗಂಟೆ ಇರಬೇಕು. ನಾನು ಬಾಗಿಲ ಹತ್ತಿರ ಫೋನ್ ಜೋರಾಗಿ ಹಾಕಿಕೊಂಡು ಅನ್ನಕ್ಕೆ ಇಟ್ಟಿದ್ದೆ. ಬೆರಳು ಹೋಗಿ ನಿಂತದ್ದು ಅಟ್ಲಾಂಟಿಕ್ ಸಮುದ್ರದ ನಡುವಿನ ಒಂದು ಚುಕ್ಕೆಯ ಮೇಲೆ, ಮಿಂದೆಲೋ ಅಂತ. ಕೇಪ್ ವರ್ಡ್ ದೇಶದ ಬಂದರಿನ ಊರು. ಒಬ್ಬ ಗಂಡಸು ಗಿಟಾರ್ ಜೊತೆ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ಹಾಡುತ್ತಿದ್ದ.

ಆಂಟಿ ಹಿತ್ತಲ ಮೆಟ್ಟಿಲ ಮೇಲೆ ಸಿಗಡಿ ಬಿಡಿಸುತ್ತಾ ಕೂತಿದ್ದರು. ಬೆರಳುಗಳು ನಿಂತವು. ಒಂದು ಸಿಗಡಿ ತಲೆ ಕಿತ್ತ ಹಾಗೇ ಕೈಯಲ್ಲೇ ಉಳಿಯಿತು, ಬುಟ್ಟಿಗೂ ಹೋಗಲಿಲ್ಲ, ಪಾತ್ರೆಗೂ ಬೀಳಲಿಲ್ಲ.

"ಪುತಾ, ಇದು ಯಾರ ಪುರ್ತುಗೇಜು? ಅರ್ಧರ್ಧ ಮಾತು ತಿಳಿಯುತ್ತಿದೆಯಲ್ಲ."

ಊರಿನ ಹೆಸರು ಹೇಳಿದೆ. ಅವರಿಗೆ ಆ ಹೆಸರು ಗೊತ್ತಿತ್ತು! ಅವರಣ್ಣ ತಾರ್ವೊಟಿ, ಅಂದರೆ ಹಡಗಿನ ಕೆಲಸದವರು, ಊರಿಗೆ ಬಂದಾಗ ನೋಡಿದ ಬಂದರುಗಳ ಹೆಸರು ಹೇಳುತ್ತಿದ್ದರಂತೆ. ಅದರಲ್ಲಿ ಮಿಂದೆಲೋ ಒಂದು. ಆಂಟಿ ಚಿಕ್ಕವರಿದ್ದಾಗ ಪೋರ್ಚುಗೀಸ್ ಶಾಲೆಗೆ ಹೋದವರು. 1961ರವರೆಗೆ ಇಲ್ಲಿ ಅದೇ ಆಡಳಿತ ಇತ್ತಲ್ವಾ, ಕೇಪ್ ವರ್ಡ್‌ನಲ್ಲಿ 1975ರವರೆಗೂ ಇತ್ತು. ಆ ದ್ವೀಪಗಳ ಜನ ಆಡುವುದು ಕ್ರಿಯೋಲ್, ಪೋರ್ಚುಗೀಸ್ ಬೇರಿನಿಂದ ಬೆಳೆದದ್ದು. ಹಾಗಾಗಿ ಆಂಟಿಗೆ ಪದಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಸಮುದ್ರ ಅಂದ, ಅಮ್ಮ ಅಂದ, ದೂರ ಅಂದ ಅಂತ ನನಗೆ ಹೇಳುತ್ತಾ ಹೋದರು.

ಆ ಹಾಡಿನ ಬಗೆಗೆ ಮೊರ್ನಾ ಅಂತಾರೆ. 2019ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿಸಿತು. ಮೊರ್ನಾ ಅಂದರೆ ಹೊರಗಿನವರಿಗೆ ಗೊತ್ತಿರುವುದು ಸೆಸಾರಿಯಾ ಎವೊರಾ, ಬರಿಗಾಲಲ್ಲಿ ವೇದಿಕೆ ಹತ್ತುತ್ತಿದ್ದ ಹಾಡುಗಾರ್ತಿ. 1941ರಲ್ಲಿ ಮಿಂದೆಲೋದಲ್ಲೇ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ಅವರ ದನಿ ಮೊದಲೇ ಕೇಳಿದ್ದೆ, ಚೆನ್ನಾಗಿದೆ ಅಂತ ಮುಂದೆ ಹೋಗಿದ್ದೆ. ಒಂದು ತಿಂಗಳು ಅವರ ಊರಿನ ರೇಡಿಯೋ ಕೇಳಿದ ಮೇಲೆ ಅದೇ ದನಿ ಬೇರೆ ಥರ ಕೇಳಿಸಿತು. ಅವರ ಹಿಂದೆ ಎಷ್ಟು ಜನ ಅದೇ ಹಾಡು ಹಾಡುತ್ತಿದ್ದಾರೆ, ಅದರಲ್ಲಿ ಅವರು ಎಲ್ಲಿ ಉಸಿರು ನಿಲ್ಲಿಸುತ್ತಾರೆ, ಎಲ್ಲಿ ಬೇರೆಯವರಿಗಿಂತ ಕಡಿಮೆ ಮಾಡಿ ಬಿಡುತ್ತಾರೆ, ಅದೆಲ್ಲ ಹತ್ತು ಜನರನ್ನು ಕೇಳಿದರೆ ಮಾತ್ರ ಗೊತ್ತಾಗುವುದು.

ಎರಡನೇ ವಾರಕ್ಕೆ ನಿರೂಪಕರ ದನಿ ಗುರುತು ಸಿಗುತ್ತದೆ. ಮೂರನೇ ವಾರಕ್ಕೆ ಯಾವ ಹಾಡು ಮೇಲಿಂದ ಮೇಲೆ ಬರುತ್ತಿದೆ ಅಂತ ತಿಳಿಯುತ್ತದೆ. ಆಮೇಲೆ ಅದೇ ದೇಶದ ಇನ್ನೊಂದು ದ್ವೀಪಕ್ಕೆ ಹೋದೆ, ರಾಜಧಾನಿ ಪ್ರಾಯಾಕ್ಕೆ. ಅಲ್ಲಿ ಸಿಕ್ಕಿದ್ದು ಫುನಾನಾ. ಅಕಾರ್ಡಿಯನ್ ಒಂದು ಕಡೆ, ಇನ್ನೊಂದು ಕಡೆ ಕಬ್ಬಿಣದ ಪಟ್ಟಿಯನ್ನು ಚಾಕುವಿನಿಂದ ಗೀರುವ ತಾಳ. ಮೊರ್ನಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ಜೋರು. ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಹಾಗೆ ಸಿಕ್ಕಿತು ಇದು. ಯಾವ ಲಿಸ್ಟೂ ಕೊಟ್ಟಿದ್ದಲ್ಲ.

ಹೊತ್ತು ನೋಡಿ ಕೇಳಬೇಕು, ಇದು ಬಹಳ ಮುಖ್ಯ. ಮಿಂದೆಲೋ ನಮಗಿಂತ ಆರೂವರೆ ಗಂಟೆ ಹಿಂದೆ, ನಮ್ಮ ಸಂಜೆ 7 ಅಲ್ಲಿ ಮಧ್ಯಾಹ್ನ 12.30. ಪೆರುವಿನ ಕುಸ್ಕೋ ಹತ್ತೂವರೆ ಗಂಟೆ ಹಿಂದೆ, ಹಾಗಾಗಿ ಬೆಳಗ್ಗೆ 6ಕ್ಕೆ ನಾನು ಚಹಾ ಸೋಸುವಾಗ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ರಾತ್ರಿ ಹನ್ನೆರಡು ದಾಟಿದ ಊರಿಗೆ ಹೋದರೆ ಬಹಳ ಕಡೆ ಮನುಷ್ಯರ ದನಿ ಇರಲ್ಲ, ಕಂಪ್ಯೂಟರ್ ತಾನೇ ಹಾಡು ಹಾಕುತ್ತಿರುತ್ತದೆ. ಜನ ಎದ್ದಿರುವ ಹೊತ್ತಿಗೆ ಹೋಗಿ.

ಇನ್ನು ಬೇರೆಯವರಿಗೆ ಹೇಳುವ ವಿಷಯ. ಒಳ್ಳೆಯ ಹಾಡು ಸಿಕ್ಕಿದರೆ ನಾವೆಲ್ಲ ಲಿಂಕ್ ಕಳಿಸುತ್ತೇವೆ, ಅವರು ಇಪ್ಪತ್ತು ಸೆಕೆಂಡ್ ಕೇಳಿ 'ಸೂಪರ್' ಅಂತ ಬರೆಯುತ್ತಾರೆ, ಮುಗಿಯಿತು. ನಾನು ಈಗ ಹಾಡು ಕಳಿಸುವುದೇ ಬಿಟ್ಟಿದ್ದೇನೆ. ಊರು ಮತ್ತು ಹೊತ್ತು ಕಳಿಸುತ್ತೇನೆ. ಧಾರವಾಡದ ನಮ್ಮ ಕಾಕಾಗೆ ಹೋದ ವರ್ಷ ಹೀಗೆ ಕಳಿಸಿದೆ: ಆಡಿಸ್ ಅಬಾಬಾ, ರಾತ್ರಿ 9. ಕಾಕಾ ಧಾರವಾಡ ಆಕಾಶವಾಣಿ ಕೇಳಿಕೊಂಡೇ ಬೆಳೆದವರು, ಮಲ್ಲಿಕಾರ್ಜುನ ಮನಸೂರರು ಬಿಟ್ಟರೆ ಮುಂದೆ ಹಾಡಿಲ್ಲ ಅನ್ನುವ ಪೈಕಿ. ಒಂಬತ್ತೂ ಕಾಲಿಗೆ ಫೋನ್ ಬಂತು.

"ಏನೋ ಇದು, ಭೂಪ ಹಾಡಾಕತ್ತಾರಲ್ಲ!"

ಕಾಕಾ ಹೇಳಿದ್ದು ಸರಿ. ಇಥಿಯೋಪಿಯಾದಲ್ಲಿ ತಿಜಿತಾ ಅಂತ ಒಂದು ಸ್ವರಕ್ರಮ ಇದೆ, ನೆನಪು ಅಂತ ಅರ್ಥ. ಅದರ ಒಂದು ರೂಪದಲ್ಲಿ ಇರುವುದು ನಮ್ಮ ಭೂಪ ರಾಗದ ಐದೇ ಸ್ವರ, ಕರ್ನಾಟಕ ಸಂಗೀತದವರಿಗೆ ಮೋಹನ. ಸಾ ರೇ ಗ ಪ ಧ. ಆದರೆ ನಡೆ ಬೇರೆ. ಕಾಕಾ ಆವತ್ತು ಅರ್ಧ ಗಂಟೆ ಫೋನ್ ಇಡಲಿಲ್ಲ. "ಮೀಂಡ ನಮ್ಮಂಗಿಲ್ಲ, ಗಂಟಲಾ ನಡಗಸ್ತಾರ. ಧ ಮ್ಯಾಲೆ ನಿಂದರೋದ ನೋಡ, ನಾವು ಹಂಗ ನಿಂದರಂಗಿಲ್ಲ." ಮೀಂಡ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ನಾನು ನಾಲ್ಕು ತಿಂಗಳು ಕೇಳಿ ಗುರುತಿಸಿರದ ವಿಷಯ ಅದು. ಈಗ ಅವರು ಮಸೆಂಕೋ ಅನ್ನುವ ಅಲ್ಲಿನ ಒಂದೇ ತಂತಿಯ ವಾದ್ಯದ ಬೆನ್ನು ಹತ್ತಿದ್ದಾರೆ. ಮುಲಾಟು ಆಸ್ಟಟ್ಕೆ ಅವರ ಇಥಿಯೋಪಿಯನ್ ಜಾಝ್ ಅನ್ನೂ ಕೇಳಿಸಿದೆ, ಅದು ಕಾಕಾಗೆ ಹಿಡಿಸಲಿಲ್ಲ. ನನಗೆ ಹಿಡಿಸಿತು.

ತೊಡಕುಗಳನ್ನೂ ಹೇಳಬೇಕು. ಇದು ಲೈವ್ ರೇಡಿಯೋ. ಹಿಂದಕ್ಕೆ ಹೋಗಿ ಕೇಳಲು ಆಗಲ್ಲ, ಹೋದ ಹಾಡು ಹೋಯಿತು. ಹಾಡಿನ ಹೆಸರು ನಿರೂಪಕರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ, ಹೇಳಿದರೂ ನಮಗೆ ಭಾಷೆ ಬರಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ನಮ್ಮ ಟೈಮು, ಊರು, ಕಿವಿಗೆ ಬಿದ್ದ ಒಂದೋ ಎರಡೋ ಪದ, ಕನ್ನಡ ಅಕ್ಷರದಲ್ಲೇ. ಇನ್ನೊಂದು ಫೋನ್ ಹತ್ತಿರ ಇದ್ದರೆ ಹಾಡು ಗುರುತಿಸುವ ಆ್ಯಪ್ ಹಿಡಿಯುತ್ತೇನೆ. ಹೊಸ ಹಾಡಾದರೆ ಹೆಚ್ಚಾಗಿ ಸಿಗುತ್ತದೆ, ಊರಿನವರೇ ಹಾಡಿದ ಹಳೇ ರೆಕಾರ್ಡಿಂಗ್ ಸಿಗುವುದು ಕಷ್ಟ. ಅಂಥವು ನನ್ನ ನೋಟ್‌ಬುಕ್‌ನಲ್ಲಿ ಹೆಸರಿಲ್ಲದೇ ಕೂತಿವೆ.

ಕೆಲವು ಚುಕ್ಕೆ ಒತ್ತಿದರೆ ಏನೂ ಬರಲ್ಲ. ಆ ಸ್ಟೇಷನ್ನಿನ ಸರ್ವರ್ ಬಂದ್ ಆಗಿರುತ್ತದೆ, ಆ್ಯಪ್ ಬರೀ ದಾರಿ ತೋರಿಸುವುದು. ಎರಡು ದಿನ ಬಿಟ್ಟು ನೋಡಿ. ಡೇಟಾ ಬಗ್ಗೆ ಕೇಳುವವರಿಗೆ: 128 ಕೆಬಿಪಿಎಸ್ ವೇಗದಲ್ಲಿ ಬರುವ ಸ್ಟೇಷನ್ ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ. ದಿನಕ್ಕೆ ಎರಡು ಗಂಟೆ ಕೇಳಿದರೂ ಈಗಿನ ಪ್ಯಾಕ್‌ಗಳಲ್ಲಿ ಅದು ಲೆಕ್ಕಕ್ಕಿಲ್ಲ. ಬ್ರಿಟನ್‌ನಲ್ಲಿ ಇರುವ ನೆಂಟರಿಗೆ ಹೇಳುವ ಮೊದಲು ಒಂದು ವಿಷಯ ತಿಳಿದಿರಲಿ, 2022ರಲ್ಲಿ ಅಲ್ಲಿ ಹಾಡಿನ ಹಕ್ಕಿನ ಕಾನೂನಿನಿಂದಾಗಿ ಹೊರದೇಶದ ಸ್ಟೇಷನ್‌ಗಳನ್ನು ನಿಲ್ಲಿಸಬೇಕಾಯಿತು.

ನಿಮಗೆ ಬೇಕಾದ ಹಾಡು ಬೇಕಾದಾಗ ಬೇಕು ಅನ್ನುವವರಾದರೆ ಇದು ನಿಮಗಲ್ಲ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ ಪಕ್ಕದಲ್ಲಿ ಒಂದು ಊರು ಮಾತಾಡುತ್ತಾ ಇರಲಿ ಅನ್ನುವವರಾದರೆ ಇವತ್ತೇ ಹಾಕಿಕೊಳ್ಳಿ. ಇಯರ್‌ಫೋನ್ ಮಾತ್ರ ಬೇಡ. ಆವತ್ತು ನಾನು ಇಯರ್‌ಫೋನ್ ಹಾಕಿಕೊಂಡಿದ್ದರೆ ಆಂಟಿಗೆ ಆ ಹಾಡು ಕೇಳುತ್ತಲೇ ಇರಲಿಲ್ಲ.

ಈ ತಿಂಗಳು ನಾನು ಜಾರ್ಜಿಯಾದ ಟಿಬಿಲಿಸಿಯಲ್ಲಿದ್ದೇನೆ. ನಮಗಿಂತ ಒಂದೂವರೆ ಗಂಟೆ ಹಿಂದೆ ಅಷ್ಟೇ. ಅಲ್ಲಿ ಗಂಡಸರು ಮೂರು ದನಿಯಲ್ಲಿ ಒಟ್ಟಿಗೆ ಹಾಡುವ ಹಳೇ ಪದ್ಧತಿ ಇದೆ, ದನಿಗಳು ಒಂದಕ್ಕೊಂದು ಉಜ್ಜಿ ಕಿವಿಯೊಳಗೆ ಗುಂಯ್ ಅನ್ನುತ್ತದೆ. 1977ರಲ್ಲಿ ವಾಯೇಜರ್ ನೌಕೆಯ ಜೊತೆ ಆಕಾಶಕ್ಕೆ ಕಳಿಸಿದ ರೆಕಾರ್ಡ್‌ನಲ್ಲಿ ಅಂಥ ಒಂದು ಹಾಡು ಇದೆ. ಅದೇ ರೆಕಾರ್ಡ್‌ನಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ರಾಗವೂ ಇದೆ. ಕೇಸರಬಾಯಿ ಇಲ್ಲೇ ಫೋಂಡಾ ತಾಲೂಕಿನ ಕೇರಿಯವರು, ಅಲ್ಲಾದಿಯಾ ಖಾನರ ಶಿಷ್ಯೆ. ಮನಸೂರರು ಕಲಿತದ್ದು ಅದೇ ಖಾನ್ ಸಾಹೇಬರ ಮಕ್ಕಳ ಹತ್ತಿರ. ಇದನ್ನು ಕಾಕಾಗೆ ಹೇಳಿದ್ದೇನೆ, ಈಗ ಅವರಿಗೂ ಟಿಬಿಲಿಸಿ ಬೇಕಂತೆ, ರಾತ್ರಿ 8ಕ್ಕೆ ಹಾಕಿ ಅಂದಿದ್ದೇನೆ. ಭಾನುವಾರ ಸಂಜೆ 7 ಮಾತ್ರ ಯಾವ ತಿಂಗಳಾದರೂ ಮಿಂದೆಲೋಗೇ, ಅದನ್ನು ಆಂಟಿ ಬಿಟ್ಟುಕೊಡಲ್ಲ.