ತಗಡಿನಡಿಯ ಗೋಡೆ, ಬಾದಾಮಿಯ ಬಂಡೆ: ಎರಡೂ ಹತ್ತಿ ನೋಡಿದೆವು

ಒಂದೇ ವರ್ಷದಲ್ಲಿ ನಾನೂ ನನ್ನ ಚಿಕ್ಕಪ್ಪನ ಮಗನೂ ಎರಡು ಸ್ಪೋರ್ಟ್ ಕ್ಲೈಂಬಿಂಗ್ ಕೋರ್ಸ್ ಮಾಡಿದೆವು. ಮೊದಲನೆಯದು ಆಗಸ್ಟ್‌ನಲ್ಲಿ, ಮಡಿಕೇರಿಯ ಹತ್ತಿರದ ಒಂದು ಸಾಹಸ ಕ್ಯಾಂಪಿನಲ್ಲಿ ಎರಡು ದಿನ. ಎರಡನೆಯದು ನವೆಂಬರ್ ಮೊದಲ ವಾರ, ಕಾಫಿ ಕೊಯ್ಲಿನ ಗಡಿಬಿಡಿಗೆ ಮುಂಚೆ, ಬಾದಾಮಿಯಲ್ಲಿ ನಾಲ್ಕು ದಿನ. "ಮೆಣಸು ಕೊಯ್ಯೋಕೆ ಏಣಿ ಹತ್ತೋ ಆಳು ಸಿಗ್ತಿಲ್ಲ, ನೀವು ದುಡ್ಡು ಕೊಟ್ಟು ಬಂಡೆ ಹತ್ತೋಕೆ ಹೋಗ್ತೀರಾ?" ಅಂತ ಚಿಕ್ಕಮ್ಮ ಎರಡು ಸಲವೂ ಬೈದರು.

ಕ್ಯಾಂಪು ಹತ್ತಿರ, ಅದೇ ಅದರ ದೊಡ್ಡ ಲಾಭ. ಮನೆಯಲ್ಲಿ ಕಡುಬು ತಿಂದು ಹೊರಟರೆ ಒಂಬತ್ತಕ್ಕೆ ಗೋಡೆ ಮುಂದೆ. ಮೇಲೆ ತಗಡು ಹಾಕಿರುವುದರಿಂದ ಆ ಮಳೆಯಲ್ಲೂ ಹತ್ತಬಹುದು. ಮಳೆ ಜೋರಾದರೆ ಕೆಳಗಿನವರು ಕೂಗಿದ್ದು ಮೇಲಿನವರಿಗೆ ಕೇಳುವುದಿಲ್ಲ, ಅಷ್ಟೇ. ಹಿಡಿಕೆಗಳಿಗೆ ಬಣ್ಣ. ಹಳದಿ ಹಿಡಿದು ಹೋದರೆ ಸುಲಭ, ಕಪ್ಪು ಕಷ್ಟ. ಮೊದಲ ದಿನವೇ ತುದಿ ಮುಟ್ಟಿದೆವು, ಖುಷಿಯೋ ಖುಷಿ.

ಸಂಜೆ ಹೊತ್ತಿಗೆ ಅನುಮಾನ ಬಂತು. ಗಂಟು ಹಾಕುವವರು ಇನ್‌ಸ್ಟ್ರಕ್ಟರ್, ಹಗ್ಗ ಹಿಡಿಯುವವರೂ ಅವರೇ. 14 ಜನಕ್ಕೆ ಎರಡು ಹಗ್ಗ. ಹತ್ತುವುದು, ಇಳಿಯುವುದು, ಮತ್ತೆ ಸಾಲಿನಲ್ಲಿ ನಿಲ್ಲುವುದು. ಅದೂ ಟಾಪ್ ರೋಪ್, ಹಗ್ಗ ಮೊದಲೇ ಮೇಲಿಂದ ಬಂದಿರುತ್ತದೆ. ಬಂಡೆಯಲ್ಲೋ ಗೋಡೆಯಲ್ಲೋ ಕೂರಿಸಿದ ಬೋಲ್ಟ್‌ಗಳಿಗೆ ಕ್ವಿಕ್‌ಡ್ರಾ (ಪಟ್ಟಿಯ ಎರಡೂ ತುದಿಗೆ ಒಂದೊಂದು ಕೊಂಡಿ) ಹಾಕಿ, ಹಗ್ಗ ಸಿಕ್ಕಿಸುತ್ತಾ ಮೇಲೆ ಹೋಗುವುದೇ ಸ್ಪೋರ್ಟ್ ಕ್ಲೈಂಬಿಂಗ್ ಅಲ್ವಾ? ಅದರ ಸುದ್ದಿಯೇ ಇಲ್ಲ. ಕೇಳಿದರೆ "ಅದು ಅಡ್ವಾನ್ಸ್ ಕೋರ್ಸ್" ಅಂದರು. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದಲ್ಲಿ ಸಿಕ್ಕಿತು.

ಬಾದಾಮಿ ದೂರ. ಕೊಡಗಿಗೆ ರೈಲೇ ಇಲ್ಲ. ಮೈಸೂರಿಗೆ ಬಸ್ಸು, ಅಲ್ಲಿಂದ ರೈಲು. ಖರ್ಚು ಎರಡೂವರೆ ಪಟ್ಟಾಯಿತು. ರಾಜ್ಯದ ಸಾಹಸ ಅಕಾಡೆಮಿಗೆ ಇರುವುದು ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರ ಹೆಸರು. ನಾವು ಮಾತ್ರ ಬೋಲ್ಟು ಹುಡುಕಿಕೊಂಡು ಅಷ್ಟು ದೂರ ಹೋದೆವು.

ಅಲ್ಲಿ ನಾಲ್ವರಿಗೆ ಒಬ್ಬ ಮೇಷ್ಟ್ರು. ಮೊದಲ ಬೆಳಿಗ್ಗೆ ಹತ್ತಲೇ ಇಲ್ಲ. ಬರೀ ಫಿಗರ್ ಎಯ್ಟ್ ಗಂಟು, ಹಾಕುವುದು, ಬಿಚ್ಚುವುದು. ಆಮೇಲೆ ಎದೆ ಎತ್ತರದ ಬೋಲ್ಟಿಗೆ ಒಂದು ಕ್ವಿಕ್‌ಡ್ರಾ ನೇತುಹಾಕಿ, ಹಗ್ಗ ಸಿಕ್ಕಿಸಿ ಅಂದರು. ಸಿಕ್ಕಿಸಿದೆ. ನನ್ನ ಸೊಂಟದ ಕಡೆಯ ಹಗ್ಗ ಹಿಡಿದು ಅವರು ಕೆಳಕ್ಕೆ ಜಗ್ಗಿದರು. ಹಗ್ಗ ಕ್ಯಾರಬಿನರ್‌ನ, ಅಂದರೆ ಆ ಕೊಂಡಿಯ, ಸ್ಪ್ರಿಂಗ್ ಬಾಯಿ ಮೇಲೆ ಹೊರಳಿ, ಟಕ್ ಅಂತ ಈಚೆ ಬಂತು. "ಈಗ ನೀವು ನೆಲದಾಗ ಅದೀರಿ" ಅಂದರು. ಹಗ್ಗ ಬಂಡೆಯ ಕಡೆಯಿಂದ ಹೊರಕ್ಕೆ ಬಂದು ಸೊಂಟಕ್ಕೆ ಸೇರಬೇಕು. ನಾನು ಹಾಕಿದ್ದು ಉಲ್ಟಾ. ಇದಕ್ಕೆ ಬ್ಯಾಕ್‌ಕ್ಲಿಪ್ ಅಂತಾರೆ. ಆ ಟಕ್ ಶಬ್ದ ಇನ್ನೂ ಕಿವಿಯಲ್ಲಿದೆ.

ಮರಳುಗಲ್ಲಿಗೆ ಯಾರೂ ಬಣ್ಣ ಬಳಿದಿಲ್ಲ. ಬೆರಳಗಲದ ಅಂಚು ಹುಡುಕಿ ಶೂ ತುದಿ ಇಡಬೇಕು. ನಾನು ಕೈಯಲ್ಲೇ ಎಳೆದುಕೊಂಡು ಸುಮ್ನೆ ಸುಸ್ತಾಗುತ್ತಿದ್ದೆ. "ಕೈ ಬಿಡ್ರಿ, ಕಾಲ್ ನೋಡ್ರಿ" ಅಂತ ಕೆಳಗಿನಿಂದ ಒಂದೇ ಮಾತು. ನಾಲ್ಕನೇ ದಿನ ಮಾಕ್ ಲೀಡ್. ಮೇಲಿಂದ ಒಂದು ಹಗ್ಗದ ಕಾವಲು, ಇನ್ನೊಂದನ್ನು ನಾವೇ ಸಿಕ್ಕಿಸುತ್ತಾ ಹೋಗಬೇಕು. ಮೂರನೇ ಬೋಲ್ಟ್ ಹತ್ತಿರ ಮೊಣಕಾಲು ಗಡಗಡ. ಕೆಳಗೆ ಹಗ್ಗ ಹಿಡಿದಿದ್ದವನು ನನ್ನ ತಮ್ಮ, ಪಕ್ಕದಲ್ಲೇ ಮೇಷ್ಟ್ರು. ಅವನು ಮೂರು ದಿನ ಅಷ್ಟು ಸೀರಿಯಸ್ಸಾಗಿ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಬಾದಾಮಿಗೂ ಕೊರತೆ ಇದೆ. ಮರಳುಗಲ್ಲು ನೆನೆದರೆ ಮೆತ್ತಗಾಗುತ್ತದೆ, ಹಿಡಿದ ಅಂಚೇ ಕಿತ್ತು ಬರಬಹುದು. ಹಾಗಾಗಿ ಮಳೆಗಾಲದ ಮಾತೇ ಬೇಡ. ಕೋತಿಗಳ ಕಾಟ ಬೇರೆ, ನಮ್ಮ ಬಾಳೆಹಣ್ಣು ಬ್ಯಾಗಿನ ಜಿಪ್ ಸಮೇತ ಹೋಯಿತು.

ಮಕ್ಕಳ ಜೊತೆ ಹೋಗುವವರಿಗೆ, ಎತ್ತರ ಒಗ್ಗುತ್ತದೋ ಇಲ್ಲವೋ ನೋಡಬೇಕೆನ್ನುವವರಿಗೆ ಕ್ಯಾಂಪು ಸಾಕು. ಕಲಿಯಲೇಬೇಕು ಅನ್ನುವವರು ಆ ದುಡ್ಡನ್ನೂ ಉಳಿಸಿ ನೇರ ಬಾದಾಮಿಗೆ ಹೋಗಿ. ಎಲ್ಲೇ ಆಗಲಿ, ಫೀಸು ಕಟ್ಟುವ ಮೊದಲು "ಹಗ್ಗ ಯಾರು ಹಿಡೀತಾರೆ?" ಅಂತ ಕೇಳಿ.

ಕ್ಯಾಂಪಿನ ಗೋಡೆಗೆ ಈಗಲೂ ತಿಂಗಳಿಗೊಮ್ಮೆ ಹೋಗುತ್ತೇವೆ, ಗಂಟೆ ಲೆಕ್ಕದಲ್ಲಿ. ತಮ್ಮನ ಬಿಲೇ, ಅಂದರೆ ಹಗ್ಗ ಹಿಡಿಯುವ ರೀತಿ, ಒಂದು ಸಲ ನೋಡಿ ಅಲ್ಲಿಯವರು ಒಪ್ಪಿಕೊಂಡರು. ಈಗ ಯಾರಾದರೂ ಹಗ್ಗ ಹಿಡಿಯಲು ಬಂದರೆ ಅವನು ಕೊಡುವುದಿಲ್ಲ.